ಸೋಮವಾರದ ಮೊಟ್ಟೆಗಳು

ಕೋಳಿ ಫಾರಂನ ಗೇಟಿನ ಮುಂದೆ ಕಮ್ಶಾತ್ ಜೀಪು ನಿಲ್ಲಿಸಿದ ರಭಸದಲ್ಲೇ ಅವಳ ಸಿಟ್ಟು ಗೊತ್ತಾಗುವಂತಿತ್ತು. ಚಕ್ರದಡಿ ಎದ್ದ ಧೂಳು ಅವಳಿಗಿಂತ ಮೊದಲೇ ಗೇಟು ದಾಟಿ ಒಳಗೆ ಹೋಯಿತು.

"ಅಲ್ಲೇ ನಿಲ್ಲಿ," ಎಂದ ಒಳಗಿದ್ದವನು. "ಗೇಟು ಮುಟ್ಬೇಡಿ."

ಬಿಳಿ ಮೇಲಂಗಿ, ಮಾಸ್ಕು, ಮೊಣಕಾಲಿನವರೆಗೆ ರಬ್ಬರ್ ಬೂಟು. ಕಣ್ಣೆರಡು ಬಿಟ್ಟರೆ ಸಂಜಾರನ ಗುರುತು ಬೇರೇನೂ ಕಾಣುತ್ತಿರಲಿಲ್ಲ. ಆ ಕಣ್ಣುಗಳನ್ನು ಅವಳು ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದಳು. ಈಗ ಅದು ನೆನಪಾಗಿ ಸಿಟ್ಟು ಇನ್ನಷ್ಟು ಏರಿತು.

"ಗುರುವಾರ ಇವತ್ತು. ಮೊಟ್ಟೆ ವ್ಯಾನ್ ಬರ್ಲಿಲ್ಲ. ಬೆಳಗಿಂದ ಫೋನ್ ಎತ್ತಿಲ್ಲ. ನಾನೇ ಬಂದ್ರೆ ಗೇಟು ಮುಟ್ಬೇಡಿ ಅಂತೀರಾ?"

"ಕೆರೆ ಹತ್ರ ಇದ್ದೆ. ಅಲ್ಲಿ ಸಿಗ್ನಲ್ ಇಲ್ಲ." ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವಳು ಗೇಟಿನ ಹತ್ತಿರ ಬಂದಷ್ಟೂ ಅವನು ಹಿಂದೆ ಹೋಗುತ್ತಿದ್ದ. "ಹಂಸಗಳು ಸಾಯ್ತಿವೆ ಕಮ್ಶಾತ್. ಜೊಂಡಿನ ತುಂಬ ಬಿದ್ದಿವೆ. ಕುತ್ತಿಗೆ ತಿರುಚ್ಕೊಂಡು, ನೀರಲ್ಲೇ ಸುತ್ತಿ ಸುತ್ತಿ."

ಏಪ್ರಿಲ್ ತಿಂಗಳು. ಹುಲ್ಲುಗಾವಲಿನ ಹಿಮ ಕರಗಿ ಅಲ್ಲಲ್ಲಿ ಕೆಂಪು ಟ್ಯೂಲಿಪ್ ಹೂ ತಲೆ ಎತ್ತಿದ್ದವು. ದಕ್ಷಿಣದಿಂದ ಹಂಸಗಳು ಮರಳುವ ಕಾಲ ಅದು. ಫಾರಂನಿಂದ ಸ್ವಲ್ಪ ದೂರದಲ್ಲಿದ್ದ ಸೊರ್ಕೊಲ್ ಕೆರೆಯಲ್ಲಿ ಅವು ಪ್ರತಿ ವರ್ಷ ಇಳಿಯುತ್ತಿದ್ದವು. ಅದೇ ಹೊತ್ತಿಗೆ ಓತಾರ್ ಸ್ಟೇಷನ್ನಿನ ಆಚೆಗಿದ್ದ ಲಸಿಕೆ ಸಂಸ್ಥೆಯಲ್ಲಿ ಕಮ್ಶಾತಳಿಗೆ ಉಸಿರಾಡಲೂ ಪುರುಸೊತ್ತಿರುತ್ತಿರಲಿಲ್ಲ. ಆ ವರ್ಷ ಯಾವ ಫ್ಲೂ ಬರಬಹುದೆಂದು ತಜ್ಞರು ಲೆಕ್ಕ ಹಾಕಿ ಮೂರು ಬಗೆಯ ವೈರಸ್ ಕೊಡುತ್ತಿದ್ದರು. ಅವನ್ನು ಕಾವು ಕೊಟ್ಟ ಕೋಳಿಮೊಟ್ಟೆಗಳಲ್ಲಿ ಬೆಳೆಸಿ, ಕೊಂದು, ಶುದ್ಧ ಮಾಡಿ, ಚಳಿಗಾಲಕ್ಕೆ ಮುಂಚೆ ಮಕ್ಕಳಿಗೆ, ಮುದುಕರಿಗೆ ಲಸಿಕೆಯಾಗಿ ಒದಗಿಸಬೇಕು. ಮೊಟ್ಟೆಗಳು ಬರುತ್ತಿದ್ದದ್ದು ಈ ಫಾರಂನಿಂದ. ಇಲ್ಲಿನ ಕೋಳಿಗಳ ಡಾಕ್ಟರು ಸಂಜಾರ್.

"ಹಂಸಗಳ ಸ್ಯಾಂಪಲ್ ಕಳ್ಸಿದ್ರಾ?"

"ಅಲ್ಮಾಟಿಗೆ ಹೋಗಿದೆ. ಶನಿವಾರ ರಿಪೋರ್ಟ್ ಬರುತ್ತೆ." ಆಮೇಲೆ ಕೇಳಿದ: "ಸೋಮವಾರದ ಮೊಟ್ಟೆ ಏನಾಯ್ತು?"

"ಏನಾಗುತ್ತೆ? ಮೂರನೇ ವೈರಸ್ ಹಾಕಿ ಆಯ್ತು. ನಾಳೆ ಒಡೆದು ತೆಗೀಬೇಕು."

"ಒಡೀಬೇಡಿ. ಹಾಗೇ ಸುಟ್ಬಿಡಿ."

ಅವಳಿಗೆ ತಾನು ಕೇಳಿದ್ದೇ ತಪ್ಪೇನೋ ಅನ್ನಿಸಿತು.

"ನಮ್ಮ ಕೆಲಸದವನೊಬ್ಬ ಗರಿ ಆಸೆಗೆ ಭಾನುವಾರ ಸತ್ತ ಹಂಸ ಎತ್ಕೊಂಡು ಬಂದಿದ್ನಂತೆ," ಎಂದ ಸಂಜಾರ್. "ನಾಲ್ಕನೇ ಶೆಡ್ಡಿನ ಪಕ್ಕದಲ್ಲೇ ಗರಿ ಕಿತ್ತಿದಾನೆ. ಸೋಮವಾರ ಅದೇ ಕೈಯಲ್ಲಿ ನಿಮ್ಮ ಟ್ರೇಗಳನ್ನ ಹೊತ್ತಿದಾನೆ. ನನಗೆ ಗೊತ್ತಾಗಿದ್ದು ಇವತ್ತು."

"ಅದು ಹಕ್ಕಿಜ್ವರವೇ ಅಂತ ರಿಪೋರ್ಟ್ ಇಲ್ಲ. ನಿಮ್ಮ ಕೋಳಿ ಒಂದೂ ಸತ್ತಿಲ್ಲ. ನನ್ನ ಇಡೀ ಸೀಸನ್ ಸುಡು ಅಂತೀರಾ? ಮುಂದಿನ ವಾರ ರಾಜಧಾನಿಯಿಂದ ಕಮಿಟಿ ಬರುತ್ತೆ. ಮೂರನೇ ವೈರಸ್ ಕೈಲಿಲ್ಲ ಅಂದ್ರೆ ಲಸಿಕೆ ತಯಾರಿಸೋ ಲೈನಿಗೆ ಕಾಯಂ ಅನುಮತಿ ಕೊಡಲ್ಲ. ಒಂಬತ್ತು ವರ್ಷದ ಕೆಲಸ ಅದು!"

ಆ ಲೈನಿಗಾಗಿ ಅವಳು ಎಷ್ಟು ಬಾಗಿಲು ತಟ್ಟಿದ್ದಳೆಂದು ಅವನಿಗೆ ಗೊತ್ತಿತ್ತು. ಪ್ರತಿ ವರ್ಷ ಸಾದಾ ಫ್ಲೂ ಲಸಿಕೆ ಮಾಡುತ್ತ ಪಳಗಿದ ಯಂತ್ರಗಳು, ಪಳಗಿದ ಕೈಗಳು. ನಾಳೆ ಜಗತ್ತು ಕಾಣದ ಹೊಸ ಫ್ಲೂ ಬಂದರೆ ಅದರ ಲಸಿಕೆಯನ್ನು ಅದೇ ಕೈಗಳು ತಡಮಾಡದೆ ಮಾಡಬೇಕು. ಅವಳು ಬೇರೆ ಮಾತೇ ಆಡುತ್ತಿರಲಿಲ್ಲ.

"ನನ್ನ ಮಾತು ನಂಬಿ," ಎಂದ ಅವನು.

"ನಂಬಿಕೆಯಿಂದ ಲಸಿಕೆ ಆಗಲ್ಲ ಸಂಜಾರ್. ಸೂಜಿ ಕಂಡ್ರೆ ಭಯ, ಹಂಸ ಕಂಡ್ರೆ ಭಯ! ಡಾಕ್ಟ್ರು ಯಾಕಾದ್ರಿ ನೀವು?"

ಮಾಸ್ಕಿನ ಮೇಲಿನ ಆ ಕಣ್ಣುಗಳು ಅವಳನ್ನು ಒಂದು ಕ್ಷಣ ನೋಡಿದವು. ಆಮೇಲೆ ನೆಲ ನೋಡಿದವು. ಅವನು ಶೆಡ್ಡುಗಳ ಕಡೆ ನಡೆದುಬಿಟ್ಟ.

ವಾಪಸು ಬರುವ ದಾರಿಯುದ್ದಕ್ಕೂ ಆಡಿದ ಮಾತು ಅವಳ ನಾಲಿಗೆಯ ಮೇಲೆ ಕಹಿಯಾಗಿ ಕೂತಿತ್ತು.

ಸೂಜಿಯ ವಿಷಯ ಅವರಿಬ್ಬರ ನಡುವಿನ ಗುಟ್ಟು. ಹೋದ ಅಕ್ಟೋಬರಿನಲ್ಲಿ ಫಾರಂನವರಿಗೆಲ್ಲ ಫ್ಲೂ ಲಸಿಕೆ ಚುಚ್ಚಲು ಅವಳೇ ಬಂದಿದ್ದಳು. ಕೋಳಿಗಳ ಜೊತೆ ಬದುಕುವವರಿಗೆ ಅದು ಎಲ್ಲರಿಗಿಂತ ಹೆಚ್ಚು ಮುಖ್ಯ. ಮನುಷ್ಯರ ಫ್ಲೂ, ಹಕ್ಕಿಗಳ ಫ್ಲೂ ಎರಡೂ ಒಬ್ಬನ ಎದೆಯೊಳಗೆ ಒಟ್ಟಿಗೆ ಸೇರಿದರೆ ಅಲ್ಲಿ ಬೆರೆತು ಯಾರೂ ಕಾಣದ ಹೊಸದೊಂದು ಹುಟ್ಟಬಹುದು. ಅವಳನ್ನು ನಿದ್ದೆಯಿಂದ ಎಬ್ಬಿಸುವ ಭಯ ಅದೊಂದೇ.

ಸಾಲಿನ ಕೊನೆಯಲ್ಲಿ ನಿಂತಿದ್ದ ಸಂಜಾರನ ಮುಖ ಸುಣ್ಣದಂತಾಗಿತ್ತು.

"ದಿನಾ ನೂರಾರು ಕೋಳಿಗೆ ಚುಚ್ಚೋರು ನೀವು!" ಎಂದು ಅವಳು ನಕ್ಕಿದ್ದಳು.

"ಚುಚ್ಚೋನು ನಾನು. ಚುಚ್ಚಿಸ್ಕೊಳ್ಳೋದು ಕೋಳಿ."

"ಹಾಗಾದ್ರೆ ಸೂಜಿ ನೋಡ್ಬೇಡಿ. ಬೇರೇನಾದ್ರೂ ನೋಡಿ."

ಅವನು ಅವಳನ್ನು ನೋಡಿದ. ರೆಪ್ಪೆ ಹೊಡೆಯದೆ, ಮುಜುಗರವಿಲ್ಲದೆ, ಕಿವಿಯ ಹಿಂದಿನಿಂದ ಜಾರಿದ ಅವಳ ಕೂದಲಿನಿಂದ ಹಿಡಿದು ಗಲ್ಲದ ಸಣ್ಣ ಗುಳಿಯವರೆಗೆ.

"ಆಯ್ತು," ಎಂದಿದ್ದಳು ಅವಳು, ಹತ್ತಿ ಒತ್ತುತ್ತ.

"ಇಷ್ಟು ಬೇಗನಾ? ಇನ್ನೂ ಸ್ವಲ್ಪ ನಿಧಾನವಾಗಿ ಚುಚ್ಬಹುದಿತ್ತು."

ಅಂದಿನಿಂದ ಮೊಟ್ಟೆ ವ್ಯಾನನ್ನು ಅವನೇ ಓಡಿಸಿಕೊಂಡು ಬರತೊಡಗಿದ. ಡ್ರೈವರ್ ಇದ್ದನಲ್ಲ ಎಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಟ್ರೇಗಳು ಇಳಿಯುವಷ್ಟು ಹೊತ್ತು ಇಬ್ಬರೂ ವ್ಯಾನಿನ ಮರೆಯಲ್ಲಿ ನಿಂತು ಹಾಲು ಹಾಕಿದ ಚಹಾ ಕುಡಿಯುತ್ತಿದ್ದರು. ಅವನ ಹೆಂಡತಿ ದೊಡ್ಡ ಊರು ಬೇಕೆಂದು ಹೊರಟುಹೋಗಿ ಐದಾರು ವರ್ಷವಾಗಿತ್ತು. ಅದನ್ನವನು ಒಮ್ಮೆ ಚಹಾ ಆರಿಸುತ್ತ, ಹವಾಮಾನ ಹೇಳಿದ ಹಾಗೆ ಹೇಳಿದ್ದ. ಮೂವತ್ತೈದಾದರೂ ತಾನೇಕೆ ಮದುವೆಯಾಗಿಲ್ಲ ಎನ್ನುವುದನ್ನು ಅವಳು ಹೇಳಿರಲಿಲ್ಲ. ಅವನು ಕೇಳಲೂ ಇಲ್ಲ. ಅದೇ ಅವಳಿಗೆ ಇಷ್ಟವಾಗಿತ್ತು.

ಅವಳಿಂದ ವಿಷಯ ಕೇಳಿದ ಸಂಸ್ಥೆಯ ನಿರ್ದೇಶಕರು ಆ ಸಂಜೆ ಫೋನಿನಲ್ಲಿ ಒಂದೇ ಮಾತು ಹೇಳಿದರು: "ಶನಿವಾರದ ರಿಪೋರ್ಟ್ ನೋಡಿ ತೀರ್ಮಾನ ಮಾಡೋಣ. ನಾಳೆಯ ಕೆಲಸ ನಿಲ್ಲಿಸಬೇಡಿ."

ಶುಕ್ರವಾರ ಬೆಳಿಗ್ಗೆ ಕಮ್ಶಾತ್ ಕಾವುಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಬೆಚ್ಚನೆಯ ಕತ್ತಲಲ್ಲಿ ಸಾಲು ಸಾಲು ಮೊಟ್ಟೆಗಳು. ಒಡೆಯುವ ಕೆಲಸದ ಹೆಂಗಸರು ಗವಸು ತೊಟ್ಟು ಸಿದ್ಧರಾಗಿದ್ದರು. ಅವರಲ್ಲಿ ಒಬ್ಬಳಿಗೆ ಎದೆಹಾಲು ಕುಡಿಯುವ ಮಗುವಿತ್ತು.

ಶನಿವಾರದವರೆಗೆ ಕಾಯುವಂತಿರಲಿಲ್ಲ. ಇವತ್ತು ತೆಗೆಯದಿದ್ದರೆ ಮೊಟ್ಟೆ ಹೇಗೂ ಕೆಡುತ್ತಿದ್ದವು. ತೆಗೆದರೆ, ಸಂಜಾರ್ ಹೇಳಿದ್ದು ನಿಜವಾಗಿದ್ದರೆ? ಪ್ರತಿ ಮೊಟ್ಟೆಯೊಳಗೂ ಮನುಷ್ಯರ ಫ್ಲೂ ತುಂಬಿ ತುಳುಕುತ್ತಿದೆ. ಅದರೊಳಗೇ ಹಕ್ಕಿಯದೂ ನುಗ್ಗಿದ್ದರೆ? ಯಾವುದನ್ನು ತಡೆಯಲೆಂದು ಒಂಬತ್ತು ವರ್ಷ ದುಡಿದಿದ್ದಳೋ, ಅದಕ್ಕೆ ತಾನೇ ತೊಟ್ಟಿಲು ಕಟ್ಟಿ ತೂಗಿದಂತೆ.

ವಿಭಾಗದ ಮುಖ್ಯಸ್ಥೆ ಬೀಬಿಗುಲ್ ಹಿಂದಿನಿಂದ ಬಂದು ನಿಂತರು. ನಿವೃತ್ತಿಯ ಅಂಚಿನಲ್ಲಿದ್ದ ಅವರನ್ನು ಸಂಸ್ಥೆಯಲ್ಲಿ ಎಲ್ಲರೂ ಅಪಾಯ್, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು.

"ಏನ್ ಮಾಡ್ತೀಯ ಹುಡುಗಿ?"

"ಸುಡ್ತೀನಿ ಅಪಾಯ್."

"ರಿಪೋರ್ಟ್ ಇಲ್ದೇನಾ? ಸಾಹೇಬ್ರು ಕುಣಿದಾಡ್ತಾರೆ." ಬೀಬಿಗುಲ್ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ಅವನು ಹೇಳಿದ್ದು ಸರಿ ಅನ್ನಿಸಿ ಸುಡ್ತೀಯೋ, ಅವನು ಹೇಳಿದ ಅಂತ ಸುಡ್ತೀಯೋ?"

ಅವಳ ಕೆನ್ನೆ ಬಿಸಿಯಾಯಿತು. "ಎರಡರಲ್ಲಿ ಒಂದೇ ಅಂತ ಹೇಳಿದ್ರೆ ಸುಳ್ಳಾಗುತ್ತೆ."

"ಸರಿ. ನಾನೂ ಸಹಿ ಹಾಕ್ತೀನಿ. ಬೈಗುಳ ಇಬ್ರೂ ಹಂಚ್ಕೊಳ್ಳೋಣ."

ಮಧ್ಯಾಹ್ನದ ಹೊತ್ತಿಗೆ ಕುಲುಮೆ ಉರಿಯತೊಡಗಿತು. ಹೆಂಗಸರು ಟ್ರೇಗಳನ್ನು ಮುಚ್ಚಿದಂತೆಯೇ ತಂದು ಕೊಟ್ಟರು. ಒಳಗಿನಿಂದ ಮೊಟ್ಟೆಗಳು ಸಿಡಿಯುವ ಸದ್ದು ಹುರಿಗಾಳಿನಂತೆ ಕೇಳುತ್ತಿತ್ತು. ಕಮ್ಶಾತ್ ಕೊನೆಯ ಟ್ರೇ ಹೋಗುವವರೆಗೂ ಅಲ್ಲೇ ನಿಂತಳು. ಆ ಮೊಟ್ಟೆಗಳಲ್ಲಿ ನಿಜವಾಗಿ ಏನಿತ್ತು ಅನ್ನುವುದು ಅವಳಿಗೂ ಗೊತ್ತಾಗಲಿಲ್ಲ, ಯಾರಿಗೂ ಎಂದೂ ಗೊತ್ತಾಗಲಿಲ್ಲ.

ಶನಿವಾರ ಅವನೇ ಫೋನ್ ಮಾಡಿದ. ದನಿ ಒಣಗಿಹೋಗಿತ್ತು.

"ರಿಪೋರ್ಟ್ ಬಂತು. ಹಕ್ಕಿಜ್ವರಾನೇ. ನಾಲ್ಕನೇ ಶೆಡ್ಡಲ್ಲಿ ಬೆಳಗ್ಗೆಯಿಂದ ಕೋಳಿ ಉದುರ್ತಿವೆ. ಸೋಮವಾರದ ಮೊಟ್ಟೆ..."

"ಸುಟ್ಟೆ. ನಿನ್ನೆ."

"ನಿನ್ನೆ? ರಿಪೋರ್ಟ್ ಇಲ್ದೇ?"

"ಇಲ್ದೇ."

ಅವನು "ನೀನು..." ಎಂದು ಶುರು ಮಾಡಿ ಅಲ್ಲೇ ನಿಂತ. ಚಳಿಗಾಲವಿಡೀ ನೀವು, ತಾವು ಎಂದೇ ಆಡಿದ್ದ ಬಾಯಿ ಅದು. ಆ ಒಂದು ಶಬ್ದವನ್ನು ಕಿವಿಗೊತ್ತಿಕೊಂಡು ಕಮ್ಶಾತ್ ಕಾರಿಡಾರಿನ ಗೋಡೆಗೆ ಒರಗಿ ನಿಂತಳು.

"ಗೇಟ್ ಹತ್ರ ನಾನು ಅಂದಿದ್ದು..."

"ಅಂದಿದ್ದು ನಿಜ. ನನಗೆ ಭಯ ಆಗುತ್ತೆ," ಎಂದ ಅವನು. "ಈಗಲೂ ಆಗ್ತಿದೆ. ಎಲ್ಲವನ್ನೂ ಕೊಲ್ಬೇಕು ಕಮ್ಶಾತ್. ಮರಿಯಿಂದ ಸಾಕಿದವು."

ಅಷ್ಟೂ ಶೆಡ್ಡುಗಳ ಕೋಳಿಗಳನ್ನು ಕೊಂದು, ಸುಣ್ಣ ಹಾಕಿ ಹೂಳುವ ಕೆಲಸ ಮಂಗಳವಾರದವರೆಗೆ ನಡೆಯಿತು. ಸಂಜಾರ್ ಹೊರಗೆ ಬರುವಂತಿರಲಿಲ್ಲ, ಅವಳು ಒಳಗೆ ಹೋಗುವಂತಿರಲಿಲ್ಲ. ಸಂಜೆ ಹೊತ್ತು ಫೋನಿನಲ್ಲಿ ಮಾತು. ಅವನು ಕೋಳಿಗಳ ಬಗ್ಗೆ ಹೇಳುತ್ತಿರಲಿಲ್ಲ. ಅವಳು ತನ್ನ ಮೇಲೆ ನಿರ್ದೇಶಕರು ಹೇಗೆ ಕೂಗಾಡಿದರೆಂದು ಹೇಳುತ್ತಿರಲಿಲ್ಲ. ಇವತ್ತೇನು ಊಟ, ಹಕ್ಕಿಜ್ವರ ತಡೆಯೋ ಮಾತ್ರೆ ನುಂಗಿದೆಯಾ, ಟ್ಯೂಲಿಪ್ ಇನ್ನೂ ಇವೆಯಾ, ಇಂಥವೇ. ಮಂಗಳವಾರ ಮಾತಿನ ನಡುವೆ ಅವನು ಕೆಮ್ಮಿದ.

"ಏನದು?"

"ಸುಣ್ಣದ ಧೂಳು."

"ಜ್ವರ ನೋಡ್ಕೊಂಡ್ಯಾ?"

"ಧೂಳು ಅಂದ್ನಲ್ಲ."

"ಸಂಜಾರ್. ಥರ್ಮಾಮೀಟರ್ ಇಟ್ಕೋ. ಫೋನ್ ಇಡ್ಬೇಡ. ನಾನು ಕಾಯ್ತೀನಿ."

ಅವಳು ಕಾದಳು. ಆ ಕಡೆ ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು, ನಡುವೆ ಅವನ ಉಸಿರು. ಕೊನೆಗೆ ಅವನು ಹೇಳಿದ ಅಂಕಿ ಕೇಳಿ ಅವಳೇ ಆಂಬುಲೆನ್ಸಿಗೆ ಫೋನ್ ಮಾಡಿದಳು.

ಜಿಲ್ಲಾ ಆಸ್ಪತ್ರೆಯಲ್ಲಿ ಅವನನ್ನು ಒಂಟಿ ಕೋಣೆಯಲ್ಲಿಟ್ಟರು. ಮೂಗು ಗಂಟಲಿನಿಂದ ತೆಗೆದ ದ್ರವವನ್ನು ಮರುದಿನ ಬೆಳಿಗ್ಗೆ ಕಮ್ಶಾತಳ ಸಂಸ್ಥೆಗೇ ತಂದರು. ಮನುಷ್ಯರಿಗೆ ಆ ಪರೀಕ್ಷೆ ಮಾಡುವ ಲ್ಯಾಬ್ ಸುತ್ತಮುತ್ತ ಬೇರೆ ಇರಲಿಲ್ಲ.

"ನಾನು ಮಾಡ್ತೀನಿ, ನೀನು ಹೊರಗಿರು," ಎಂದರು ಬೀಬಿಗುಲ್.

"ನಾನೇ ಮಾಡ್ತೀನಿ ಅಪಾಯ್."

"ಕೈ ನಡುಗಿದ್ರೆ ಎದ್ದು ಹೋಗ್ಬೇಕು. ಒಪ್ಗೆನಾ?"

"ಒಪ್ಗೆ."

ಕೈ ನಡುಗಲಿಲ್ಲ. ಸ್ಯಾಂಪಲನ್ನು ಯಂತ್ರಕ್ಕಿಟ್ಟು ಇಬ್ಬರೂ ಪರದೆಯ ಮುಂದೆ ಕೂತರು. ಮೊದಲು ಇದು ಫ್ಲೂ ಹೌದೋ ಅಲ್ಲವೋ ಎನ್ನುವ ಗೆರೆ. ಅದು ಮೆಲ್ಲಗೆ ತಲೆ ಎತ್ತಿತು. ಹೌದು, ಫ್ಲೂ.

ಬೀಬಿಗುಲ್ ಅವಳ ಭುಜದ ಮೇಲೆ ಕೈಯಿಟ್ಟರು. ಮುಂದಿನದು ಯಾವ ಫ್ಲೂ ಎನ್ನುವ ಪರೀಕ್ಷೆ.

ಎರಡು ಗೆರೆ ಅಕ್ಕಪಕ್ಕ ಹೊರಟವು. ಹಸಿರು, ಮನುಷ್ಯರದು. ಕೆಂಪು, ಹಕ್ಕಿಯದು. ಹಸಿರು ಬಾಗಿತು, ಏರಿತು, ಬೆಟ್ಟ ಹತ್ತಿದ ಹಾಗೆ ಹತ್ತಿಯೇ ಹೋಯಿತು. ಊರಿನ ಸಾದಾ ಫ್ಲೂ, ಅಕ್ಟೋಬರಿನಲ್ಲಿ ಅವಳು ಅವನಿಗೆ ಚುಚ್ಚಿದ್ದ ಲಸಿಕೆ ತಡೆಯಬೇಕಿದ್ದ ಫ್ಲೂ. ಆದರೆ ಅವಳಿಗೆ ಉಸಿರು ಬಿಡಲಾಗಲಿಲ್ಲ. ಕೆಂಪು ಗೆರೆ ಇನ್ನೂ ಓಡುತ್ತಿತ್ತು. ಈಗ ಅದೂ ಎದ್ದರೆ, ಎರಡೂ ಒಂದೇ ಎದೆಯಲ್ಲಿ. ಅವನ ಎದೆಯಲ್ಲಿ.

ಕಿಟಕಿಯಾಚೆ ಯಾರೋ ನಕ್ಕು ಹಾದುಹೋದರು. ಕೆಂಪು ಗೆರೆ ನೆಲಕ್ಕೆ ಹಾಸಿದ ದಾರದಂತೆ ನೇರವಾಗಿ ಹೋಯಿತು. ಒಮ್ಮೆ ಅಲುಗಿದಂತೆ ಕಂಡಾಗ ಕಮ್ಶಾತ್ ಮೇಜಿನ ಅಂಚು ಹಿಡಿದಳು. ಅಲುಗಿದ್ದು ಅವಳ ಕಣ್ಣೀರು. ಗೆರೆ ಕೊನೆಯವರೆಗೂ ಮಲಗೇ ಇತ್ತು.

"ಇನ್ನೊಂದ್ಸಲ ಮಾಡೋಣ," ಎಂದಳು.

ಬೀಬಿಗುಲ್ ಇನ್ನೊಂದು ಸಲ ಮಾಡಿದರು. ಅದೇ ಉತ್ತರ. ಆಗ ಕಮ್ಶಾತ್ ಮೇಜಿನ ಮೇಲೆ ತಲೆಯಿಟ್ಟು, ಮಾಸ್ಕು ನೆನೆಯುವಂತೆ ಅತ್ತಳು.

ಆಸ್ಪತ್ರೆಯವರು ಒಳಗೆ ಬಿಡಲಿಲ್ಲ. ಕಟ್ಟಡದ ಹಿಂದೆ ಬಳಸಿ ಹೋಗಿ, ಅವನ ಕೋಣೆಯ ಕಿಟಕಿ ಹುಡುಕಿ, ಗಾಜನ್ನು ಬೆರಳಿನಿಂದ ತಟ್ಟಿದಳು. ಸಂಜಾರ್ ಕಂಬಳಿ ಹೊದ್ದು ಎದ್ದು ಬಂದ. ಮಾಸ್ಕಿಲ್ಲದ ಅವನ ಮುಖ ನೋಡಿ ಎಷ್ಟೋ ದಿನಗಳಾಗಿದ್ದವು. ಗಡ್ಡ ಬಂದಿತ್ತು, ಕೆನ್ನೆ ಇಳಿದಿತ್ತು. ಫೋನ್ ಕಿವಿಗಿಟ್ಟುಕೊಂಡ.

"ಏನಂತೆ?" ಎಂದ. ನಗಲು ನೋಡಿದ, ಆಗಲಿಲ್ಲ. ಅವನಿಗಿನ್ನೂ ಯಾರೂ ಹೇಳಿರಲಿಲ್ಲ.

"ಸಾದಾ ಫ್ಲೂ. ಹಕ್ಕೀದಲ್ಲ."

ಅವನು ಕಿಟಕಿಯ ಕಟ್ಟೆ ಹಿಡಿದು ಮೆಲ್ಲಗೆ ಹಾಸಿಗೆಯ ಅಂಚಿಗೆ ಕೂತ. ಸ್ವಲ್ಪ ಹೊತ್ತಿನ ಮೇಲೆ ಅವನ ಕಣ್ಣಿಗೆ ತುಂಟತನ ಮರಳಿತು.

"ಅಂದ್ರೆ ನಿನ್ನ ಲಸಿಕೆ ನನಗೆ ಕೆಲ್ಸ ಮಾಡ್ಲಿಲ್ಲ."

"ಮಾಡ್ಲಿಲ್ಲ. ಎಲ್ರಿಗೂ ಪೂರ್ತಿ ಮಾಡಲ್ಲ. ಚಳಿಗಾಲ ಮುಗಿಯೋ ಹೊತ್ತಿಗೆ ಅದರ ಶಕ್ತಿ ಇಳಿದಿರುತ್ತೆ, ವೈರಸ್ಸೂ ವೇಷ ಬದಲಾಯಿಸಿರುತ್ತೆ. ಅದಕ್ಕೇ ಪ್ರತಿ ವರ್ಷ ಮಾಡೋದು..."

"ಪಾಠ ಮಾಡ್ತಿದೀಯ."

"ಇನ್ನೇನ್ ಮಾಡ್ಲಿ!" ಅವಳ ದನಿ ಒಡೆಯಿತು. "ಆ ಕೆಂಪು ಗೆರೆ ಏಳ್ಬಾರ್ದು ಅಂತ ನಾನು ಏನೆಲ್ಲ ಬೇಡ್ಕೊಂಡೆ ಗೊತ್ತಾ? ಈ ಸೀಸನ್ ಹೋಗ್ಲಿ ಅಂದೆ. ಲೈನ್ ಹೋಗ್ಲಿ ಅಂದೆ. ನಾನು, ಲೈನ್ ಹೋಗ್ಲಿ ಅಂದೆ ಸಂಜಾರ್!"

ಗಾಜಿನ ಆ ಕಡೆ ಅವನು ಎದ್ದು ಬಂದು ಅವಳಿಗೆ ತೀರ ಹತ್ತಿರ ನಿಂತ. ಅವನ ಉಸಿರಿಗೆ ಗಾಜು ಮಬ್ಬಾಯಿತು.

"ಆ ದಿನ ಗೇಟ್ ಹತ್ರ," ಎಂದ ಮೆಲ್ಲಗೆ, "ನೀನು ಬೈತಾ ಇದ್ಯಲ್ಲ, ನನಗೆ ಒಂದೇ ಯೋಚ್ನೆ. ಇವಳು ಗೇಟ್ ಮುಟ್ಬಾರ್ದು. ಇವಳ ಕೈಗೆ ಇದು ತಾಗ್ಬಾರ್ದು. ಕೋಳಿ, ಮೊಟ್ಟೆ, ಊರು, ಎಲ್ಲ ಆಮೇಲೆ ನೆನಪಾಯ್ತು. ಡಾಕ್ಟ್ರಾಗಿ ಹಾಗನ್ನಿಸ್ಬಾರ್ದಿತ್ತು. ಅನ್ನಿಸ್ತು. ಪ್ರೀತಿ ಅಂದ್ರೆ ಇದೇ ಇರ್ಬೇಕು ಅಲ್ವಾ?"

ಅವಳು ಮಬ್ಬಾದ ಗಾಜಿನ ಮೇಲೆ ಹೊರಗಿನಿಂದ ಅಂಗೈ ಇಟ್ಟಳು.

ಕಮಿಟಿ ಬಂದು ಖಾಲಿ ಕಾವುಕೋಣೆ ನೋಡಿ, ಅನುಮತಿಯನ್ನು ಶರತ್ಕಾಲಕ್ಕೆ ಮುಂದೂಡಿ ಹೋಯಿತು. ಮೂರನೇ ವೈರಸ್ಸಿಗೆ ಮೊಟ್ಟೆ ಕೊಡಲು ದೂರದ ಶಿಂಕೆಂತ್ ಊರಿನ ಒಂದು ಫಾರಂ ಒಪ್ಪಿತು. ಲಸಿಕೆ ತಡವಾಗುತ್ತದೆ, ಆದರೂ ಬರುತ್ತದೆ. ಆ ಫಾರಂನವರಿಗೆ ಇಂಥ ಮೊಟ್ಟೆಯ ಕೆಲಸ ಗೊತ್ತಿರಲಿಲ್ಲ. ಗೊತ್ತಿದ್ದ ಡಾಕ್ಟರನ್ನು ಕಳಿಸಿ ಎಂದರು. ಸತ್ತ ಕೋಳಿಗಳ ಫಾರಂನಲ್ಲಿ ಇನ್ನೇನೂ ಉಳಿಯದ ಸಂಜಾರನಿಗೆ ಚಳಿಗಾಲದವರೆಗೆ ಅಲ್ಲಿ ಕೆಲಸ. ಕಮ್ಶಾತ್ ಇಲ್ಲಿ ಲೈನನ್ನು ಬಿಟ್ಟು ಹೋಗುವಂತಿರಲಿಲ್ಲ. ಹೋಗಬೇಡ ಎಂದು ಅವಳು ಅನ್ನಲಿಲ್ಲ, ಬಾ ಎಂದು ಅವನೂ ಕರೆಯಲಿಲ್ಲ.

ಓತಾರಿನಲ್ಲಿ ರೈಲು ನಿಲ್ಲುವುದು ಸ್ವಲ್ಪವೇ ಹೊತ್ತು. ಅವನ ಪೆಟ್ಟಿಗೆ ಹತ್ತಿಸಲು ಎಂದು ಅವಳೂ ಡಬ್ಬಿ ಹತ್ತಿದಳು. ಪೆಟ್ಟಿಗೆ ಇಟ್ಟಾಯಿತು. ಅವಳು ಎದುರಿನ ಸೀಟಿನಲ್ಲಿ ಕೂತು ಸ್ಕಾರ್ಫು ಬಿಚ್ಚತೊಡಗಿದಳು.

"ಕಮ್ಶಾತ್, ಸೀಟಿ ಹೊಡೀತು. ಇಳಿ."

"ಯಾಕೆ?"

ರೈಲು ಜಗ್ಗಿ ಹೊರಟಿತು. ಅವನು ಗಾಬರಿಯಿಂದ ಎದ್ದು ನಿಂತ.

"ಕೂತ್ಕೋ. ತರಾಜಲ್ಲಿ ಇಳೀತೀನಿ," ಎಂದಳು. "ಅಲ್ಲಿ ನಮ್ಮಮ್ಮ ಇದಾರೆ. ನೀನೂ ಇಳೀತೀಯ."

"ನನ್ನ ಟಿಕೆಟ್ ಶಿಂಕೆಂತಿಗೆ!"

"ನಾಳೆ ಇನ್ನೊಂದು ರೈಲಿದೆ. ಶಿಂಕೆಂತ್ ಎಲ್ಲೂ ಓಡಿ ಹೋಗಲ್ಲ."

ಅವನು ಕೂತ. ಹುಲ್ಲುಗಾವಲು ಕಿಟಕಿಯಲ್ಲಿ ಹಿಂದೆ ಸರಿಯುತ್ತಿತ್ತು.

"ಅಮ್ಮನಿಗೆ ನನ್ನ ಬಗ್ಗೆ ಏನಂತ ಹೇಳಿದೀಯ?"

"ಇದ್ದದ್ದನ್ನ ಹೇಳಿದೀನಿ. ಒಂದು ಮದುವೆ ಮುರಿದಿದೆ. ಕೋಳಿ ಒಂದೂ ಉಳಿದಿಲ್ಲ. ಆರು ತಿಂಗಳು ಊರಲ್ಲಿರಲ್ಲ. ಕೆಮ್ಮು ಇನ್ನೂ ಪೂರ್ತಿ ಹೋಗಿಲ್ಲ. ಆದ್ರೂ ಇವನೇ ಬೇಕು ಅಂತ."

ಸಂಜಾರ್ ಬಹಳ ಹೊತ್ತು ಅವಳನ್ನೇ ನೋಡಿದ.

"ಅದಕ್ಕೆ ಅವರೇನಂದ್ರು?"

"ಮಾಂಸ ಬೇಯೋಕೆ ಇಟ್ಟಿದೀನಿ, ಬೇಗ ಬನ್ನಿ ಅಂದ್ರು."

ಅವನು ನಕ್ಕ. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ, ಕೊನೆಗೆ ಕಣ್ಣು ಒದ್ದೆಯಾಯಿತು. ಆಮೇಲೆ ನಡುವಿನ ಸಣ್ಣ ಮೇಜಿನ ಮೇಲೆ ಕೈ ಚಾಚಿ ಅವಳ ಕೈ ಹಿಡಿದ. ಅವನ ಕೈ ಸುಣ್ಣಕ್ಕೆ ಸುಟ್ಟು ಒರಟಾಗಿತ್ತು. ಅವಳದು ಔಷಧದ ನೀರಿಗೆ ಬಿರುಕು ಬಿಟ್ಟಿತ್ತು. ಹೀಗೆ ಅವರು ಒಬ್ಬರ ಕೈ ಒಬ್ಬರು ಹಿಡಿದದ್ದು ಅದೇ ಮೊದಲು. ಚಹಾ ಬೇಕೇ ಎಂದು ಡಬ್ಬಿ ನೋಡಿಕೊಳ್ಳುವ ಹೆಂಗಸು ಎರಡು ಸಲ ಬಂದು ಕೇಳಿ ಹೋದಳು. ತರಾಜ್ ಬರುವವರೆಗೂ ಇಬ್ಬರೂ ಕೈ ಬಿಡಲಿಲ್ಲ.